ನೂರಿಸ್ ಎಣಿಸಿದ ಮೂರು ಚುಕ್ಕೆ

ನಮ್ಮೂರು ಬಾರಂಕಿಯಾದಲ್ಲಿ ಡಾಕ್ಟರ್ ಆಗಲು ಓದಬೇಕಿಲ್ಲ, ಇಸ್ತ್ರಿ ಮಾಡಿದ ಅಂಗಿ ಸಾಕು. ವಕೀಲನೂ ಡಾಕ್ಟರ್, ಕೌನ್ಸಿಲರೂ ಡಾಕ್ಟರ್. ಆಸ್ಪತ್ರೆಯಲ್ಲಿ ಗಾಲಿಮಂಚ ತಳ್ಳುವ ನನಗೂ ಗೇಟಿನ ಹಣ್ಣಿನವಳು, “ಡಾಕ್ಟ್ರೇ, ಮಾವಿನಕಾಯಿಗೆ ಉಪ್ಪು ಹಾಕ್ಲಾ?” ಅನ್ನುತ್ತಾಳೆ. ಆ ಪಟ್ಟವನ್ನು ನಾನು ಬೇಡ ಅನ್ನುವುದಿಲ್ಲ. ಬೇಡ ಅನ್ನುತ್ತಿದ್ದವಳು ನೂರಿಸ್ ಕಾಂತಿಯೋ ಒಬ್ಬಳೇ. ಇಪ್ಪತ್ತೆರಡು ವರ್ಷ ಎಂಆರ್‌ಐ ಯಂತ್ರ ನಡೆಸಿದವಳು, “ಡಾಕ್ಟರ್ ಅಲ್ಲಮ್ಮ, ಬರೀ ಚಿತ್ರ ತೆಗೆಯೋಳು” ಎಂದು ದಿನವಿಡೀ ತಿದ್ದುತ್ತಿದ್ದಳು.

ಚಿತ್ರ ನೋಡಿ ವರದಿ ಬರೆಯಬೇಕಾದವರು ಡಾಕ್ಟರ್ ಒಲಿವೇರೋ. ಬರೆಯುತ್ತಿದ್ದರು, ನೋಡುತ್ತಿರಲಿಲ್ಲ. ‘ಒಳಕಿವಿ ಸಹಜವಾಗಿದೆ’ ಎಂಬ ಸಾಲು ಕಂಪ್ಯೂಟರಿನಲ್ಲಿ ಸಿದ್ಧವೇ ಇತ್ತು, ರೋಗಿಯ ಹೆಸರು ಬದಲಿಸಿದರೆ ಮುಗಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ.

ಮೂರು ವರ್ಷದ ಸಾರೈಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಬಲಗಿವಿಯೊಳಗೆ ಶಬ್ದ ಕೇಳಿಸುವ ಯಂತ್ರ ಕೂರಿಸಲು ದಿನ ಗೊತ್ತಾಗಿತ್ತು. ಮಗುವನ್ನು ಮಲಗಿಸಿ ಚಿತ್ರ ತೆಗೆಯುತ್ತಿದ್ದ ನೂರಿಸ್ ನನ್ನನ್ನು ಕರೆದಳು.

“ಇಲ್ನೋಡು. ಕಿವಿಯಿಂದ ಮಿದುಳಿಗೆ ಹೋಗೋ ದಾರಿ. ಈ ಬೆಳ್ಳಗಿರೋ ನೀರೊಳಗೆ ನಾಲ್ಕು ಕಪ್ಪು ಚುಕ್ಕೆ ಇರ್ಬೇಕು, ನಾಲ್ಕು ನರ. ಎಡಗಡೆ ಇದೆ. ಬಲಗಡೆ ಎಣ್ಸು.”

ಮೂರೇ ಇದ್ದವು. ಇಲ್ಲದಿದ್ದದ್ದು ಶಬ್ದ ಒಯ್ಯುವ ನರ. ಆ ಕಿವಿಗೆ ಯಂತ್ರ ಕೂರಿಸುವುದೂ ಒಂದೇ, ಗೋಡೆಗೆ ಕೂರಿಸುವುದೂ ಒಂದೇ.

ನೂರಿಸ್ ಓಡಿ ಹೋಗಿ ಹೇಳಿದಳು. ಒಲಿವೇರೋ ಅವರ ಮೀನುಸಾರು ಆರುತ್ತಿತ್ತು.

“ನೀನು ಗುಂಡಿ ಒತ್ತು ನೂರಿಸ್. ಓದೋ ಕೆಲಸ ನಂಗಿರ್ಲಿ.”

ವರದಿ ಬಂತು: ಎರಡೂ ಒಳಕಿವಿ ಸಹಜವಾಗಿವೆ. ಸಾರೈಯ ತಾಯಿ ಯುರಾನಿಸ್ ಅದನ್ನು ಎದೆಗೊತ್ತಿಕೊಂಡು ನೂರಿಸ್ ಬಳಿ ಬಂದಳು. “ಡಾಕ್ಟ್ರಮ್ಮ, ಎಲ್ಲ ಸರಿ ಇದೆ ಅಲ್ವಾ?”

‘ಡಾಕ್ಟರ್ ಅಲ್ಲಮ್ಮ’ ಎಂಬ ಮಾಮೂಲಿ ಉತ್ತರಕ್ಕೆ ನಾನು ಕಾದೆ. ಬರಲಿಲ್ಲ.

“ಕೂತ್ಕೋ ಮಗಳೇ. ಸರಿ ಇಲ್ಲ. ಬಲಗಿವೀಲಿ ನರಾನೇ ಇಲ್ಲ, ಎಡಗಿವೀಲಿದೆ. ಆಪರೇಷನ್ ಮಾಡೋರ ಹತ್ರ ಹೋಗು. ಕಾಗದ ಬೇಡ, ಚಿತ್ರ ನೋಡಿ ಅಂತ ಹಟ ಹಿಡಿ.”

“ಯಾರು ಹೇಳಿದ್ರು ಅಂತ ಕೇಳಿದ್ರೆ?”

“ನನ್ನ ಹೆಸರು ಹೇಳು.”

ಆಪರೇಷನ್ ಮಾಡುವವರು ಚಿತ್ರ ನೋಡಿದರು, ಎಡಗಿವಿಗೇ ಯಂತ್ರ ಕೂರಿಸಿದರು. ಒಲಿವೇರೋ ಹೊಸ ವರದಿ ಕಳಿಸಿದರು: ‘ನಾನು ಮೊದಲೇ ಗಮನಿಸಿದ್ದಂತೆ, ಬಲಗಡೆ ನರವಿಲ್ಲ.’ ಜೊತೆಗೊಂದು ದೂರು: ನೂರಿಸ್ ಡಾಕ್ಟರ್ ವೇಷ ಹಾಕಿ ರೋಗಿಯ ಕಡೆಯವರ ದಾರಿ ತಪ್ಪಿಸಿದ್ದಾಳೆ. ಅವಳನ್ನು ಕೆಲಸದಿಂದ ತೆಗೆದರು. ಆ ಆದೇಶಕ್ಕೆ ಸಹಿ ಹಾಕಿದ ಐವರೂ ಡಾಕ್ಟರ್‌ಗಳೇ, ಅವರಲ್ಲಿ ನಾಲ್ವರು ವಕೀಲರು. ಮಾನಗೆಟ್ಟವರು.

ಎರಡು ತಿಂಗಳ ಮೇಲೆ ನಾನು ನೂರಿಸ್ ಮನೆಯಲ್ಲಿದ್ದಾಗ ಯುರಾನಿಸ್ ಮಗಳನ್ನು ಕರೆತಂದಳು. ಎಡಗಿವಿಯ ಹಿಂದೆ ಯಂತ್ರವಿತ್ತು. ನೂರಿಸ್ ಮಾತಾಡದೆ ಮಗುವಿನ ಬೆನ್ನ ಹಿಂದೆ ಹೋಗಿ ನಿಂತು, ಪಾತ್ರೆಯ ಮುಚ್ಚಳವನ್ನು ನೆಲಕ್ಕೆ ಬಿಟ್ಟಳು. ಸಾರೈ ಬೆಚ್ಚಿ ತಿರುಗಿ, ಹೋ ಎಂದು ಅತ್ತಳು.

ಯುರಾನಿಸ್ ಮಗಳನ್ನು ಎತ್ತಿಕೊಳ್ಳಲಿಲ್ಲ. “ಇನ್ನೊಂದ್ಸಲ ಬೀಳ್ಸಿ” ಅಂದಳು.