ಕೆಂಪು ಸಿಮೆಂಟಿನ ಬಾವಿ

ನನ್ನ ಅಕ್ಷರ ಸೊಟ್ಟಗಿದೆ, ಕ್ಷಮಿಸಿ. ಶಾಲೆ ಬಿಟ್ಟ ಮೇಲೆ ಬರೆಯುವುದು ಅಪರೂಪವಾಗಿದೆ, ಸರಿಯಾದ ಮಾತುಗಳೂ ಬೇಗ ಹೊಳೆಯುವುದಿಲ್ಲ. ಆದರೂ ನನ್ನ ಸೋದರಮಾವ ಅಜಿಬಲುವಾನ ವಿಷಯವನ್ನು ಇದ್ದದ್ದು ಇದ್ದಂತೆ ಬರೆಯಲು ನೋಡುತ್ತೇನೆ.

ಮಾವ ಎಣ್ಣೆಬಾವಿಗಳಲ್ಲಿ ತಂತಿಹಗ್ಗ ಎಳೆಯುವ ಯಂತ್ರ ನಡೆಸುತ್ತಿದ್ದ. ಹಗ್ಗದ ತುದಿಗೆ ಉದ್ದನೆಯ ಉಕ್ಕಿನ ಕೊಳವೆ, ಅದರೊಳಗೆ ಹೆಬ್ಬೆರಳ ಗಾತ್ರದ, ವಿಕಿರಣ ಸೂಸುವ ಗುಂಡು. ಆಳದ ಕಲ್ಲಿನಲ್ಲಿ ಎಣ್ಣೆ ಇದೆಯೋ ನೀರಿದೆಯೋ ಎಂದು ಅದರಿಂದ ತಿಳಿಯುತ್ತದೆ. ನಮ್ಮೂರಿನ ಪಕ್ಕ, ನೈಜರ್ ನದಿಯ ಕವಲಿನಾಚೆ ಇರುವ ಬಾವಿಯಲ್ಲಿ ಒಮ್ಮೆ ಆ ಕೊಳವೆ ಸಿಕ್ಕಿಕೊಂಡಿತು. ಮೇಸ್ತ್ರಿ ಕಾಯಲು ಹೇಳಿದ್ದ. ಮಾವನಿಗೆ ಊರಿನ ದೋಣಿ ತಪ್ಪುತ್ತದೆಂಬ ಆತುರ. ಮೇಸ್ತ್ರಿ ಅತ್ತ ಹೋದಾಗ ಇನ್ನೊಂದು ಸಲ ಎಳೆದ. ಹಗ್ಗ ಕಡಿಯಿತು. ತಾನಾಗಿ ಕಡಿಯಿತು ಎಂದು ಎಲ್ಲರಿಗೂ ಹೇಳಿದ.

ಕೊಕ್ಕೆ ಇಳಿಸಿ ವಾರಗಟ್ಟಲೆ ಹುಡುಕಿದರೂ ಗುಂಡು ಮೇಲೆ ಬರಲಿಲ್ಲ. ಕೊನೆಗೆ ಕಂಪನಿಯವರು ಅದರ ಮೇಲೆ ಕೆಂಪು ಬಣ್ಣ ಬೆರೆಸಿದ ಸಿಮೆಂಟು ಸುರಿದರು. ಮುಂದೆ ಯಾರಾದರೂ ಕೊರೆದರೆ ಕೆಂಪು ಪುಡಿ ಮೇಲೆ ಬಂದು ಎಚ್ಚರಿಸಲಿ ಎಂದು. ಕೊರೆಯುವ ಮೊನೆ ಪಕ್ಕಕ್ಕೆ ಜಾರುವಂತೆ ಓರೆಯಾದ ಉಕ್ಕಿನ ತುಂಡನ್ನೂ ಇಟ್ಟರು. ಬಾವಿಯ ಬಾಯಿಗೆ ಫಲಕ ಜಡಿದರು: ವಿಕಿರಣದ ಎಚ್ಚರಿಕೆಯ ಮೂರೆಸಳಿನ ಗುರುತು, ಕೆಳಗೆ "ಮತ್ತೆ ಕೊರೆಯಬೇಡಿ". ಅಲುಗಿಸದಿದ್ದರೆ ಯಾರಿಗೂ ಕೇಡಿಲ್ಲ ಎಂದು ಹೇಳಿ ಹೋದರು.

ಮಾವನಿಗೆ ನೆಮ್ಮದಿಯಾಗಲಿಲ್ಲ. ಓದು ಬಾರದವರಿಗೂ ತಿಳಿಯಲೆಂದು ಬಾವಿಯ ಸುತ್ತ ಎಳೆಯ ತಾಳೆಗರಿ ಕಟ್ಟಿದ. ಗರಿ ಕಟ್ಟಿದ ಜಾಗಕ್ಕೆ ನಮ್ಮವರು ಸುಮ್ಮನೆ ಕಾಲಿಡುವುದಿಲ್ಲ. ಒಣಗಿದಾಗಲೆಲ್ಲ ಹೊಸ ಗರಿ ಕಟ್ಟುತ್ತಿದ್ದ. ಅವನ ಶ್ರದ್ಧೆ ನೋಡಿ ಜನ ಅಲ್ಲಿ ದೇವರಿದೆ ಎಂದುಕೊಂಡರು. ಸಾರಾಯಿ ಸುರಿದರು, ಹರಕೆಯ ಕೋಳಿ ತಂದರು. ಮಾವ ಬಾಯಿ ಬಿಡಲಿಲ್ಲ. ದೇವರಲ್ಲ ಎಂದರೆ ಹಗ್ಗದ ಕತೆ ಹೇಳಬೇಕಲ್ಲ.

ಮೊನ್ನೆ ಹೊಸ ಕಂಪನಿಯವರು ಹಳೆಯ ಬಾವಿಗಳನ್ನು ಮತ್ತೆ ತೆರೆಯಲು ಗುರುತು ಹಾಕುತ್ತ ಬಂದರು. ಈ ಬಾವಿಗೂ ಬಿಳಿ ಬಣ್ಣ ಬಳಿದು ಹೋದರು. ಗರಿಗಳ ಮರೆಯಲ್ಲಿದ್ದ ಫಲಕ ಯಾವಾಗಲೋ ಕಾಣೆಯಾಗಿತ್ತು, ಮಾವ ಗಮನಿಸಿರಲಿಲ್ಲ. ಮಾವನ ಮುಖ ಬೂದಿಬಣ್ಣಕ್ಕೆ ತಿರುಗಿತು. ಅಂಥದೇ ಒಂದು ತಗಡನ್ನು ನೆರೆಮನೆಯ ಎಬಿನಿಮಿಯ ಮಂಚದ ಮೇಲಿನ ಗೋಡೆಯಲ್ಲಿ ನಾನು ಕಂಡಿದ್ದೆ. ಅವಳಿಗೆ ಮಕ್ಕಳಿಲ್ಲ, ಆ ಬಾವಿಗೆ ಹರಕೆ ಹೊತ್ತಿದ್ದಳು. ಇವತ್ತು ಮಾವನನ್ನು ಅಲ್ಲಿಗೆ ಕರೆದೊಯ್ದೆ.

"ಕೊಡೋದಿಲ್ಲ ಹೋಗೋ," ಎಂದಳು ಎಬಿನಿಮಿ. "ಮೂರು ಎಸಳು, ಮೂರು ಮಕ್ಕಳು. ದೇವ್ರೇನು ನಿಂಗೊಬ್ಬನಿಗೇನಾ?"

"ಅದು ದೇವ್ರಲ್ಲ ಅಕ್ಕಾ."

"ಮತ್ತೆ ಇಷ್ಟು ವರ್ಷ ಗರಿ ಕಟ್ಟಿದ್ದು ಯಾರಿಗೆ, ನಿಮ್ಮತ್ತೆಗಾ?"

ಅಂಗಳದಲ್ಲಿ ಮೀನು ಹೊಗೆಗಿಡುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾವ ನೆಲ ನೋಡುತ್ತ ಹೇಳಿದ:

"ಹಗ್ಗ ತಾನಾಗಿ ಕಡೀಲಿಲ್ಲ. ಕಾಯಿ ಅಂದಿದ್ರು, ನಾನು ಎಳ್ದೆ. ಕೆಳಗಿರೋದು ವಿಷ. ಗೊತ್ತಿಲ್ದೆ ಕೊರೆದು ಒಡೆದ್ರೆ ಕೆಸರಿನ ಜೊತೆ ಮೇಲೆ ಬರುತ್ತೆ, ನಮ್ಮ ನೀರಿಗೇ ಸೇರುತ್ತೆ."

ನಗು ನಿಂತಿತು. ಎಬಿನಿಮಿ ಅವನ ಹತ್ತಿರ ಬಂದಳು.

"ನಾನಲ್ಲಿ ಮಂಡಿಯೂರಿ ಅಳ್ತಿದ್ದಾಗ ನೀನು ಪಕ್ಕದಲ್ಲೇ ಗರಿ ಕಟ್ತಿದ್ಯಲ್ಲೋ. ಆವಾಗ ಹೇಳಬಾರ್ದಿತ್ತಾ?"

"ತಪ್ಪಾಯ್ತಕ್ಕಾ."

ಅವಳು ಫಲಕ ಕಳಚಿದಳು. ಮಾವ ಕೈ ಚಾಚಿದ. ಅವಳು ಅದನ್ನು ನನ್ನ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡಳು. ಮಾವ ಇವತ್ತು ಊಟ ಮಾಡಲಿಲ್ಲ.

ಅಪರಿಚಿತರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಆದರೂ ನಾಳೆ ಬೆಳಿಗ್ಗೆ ಫಲಕ ಹಿಡಿದು ಮಾವನ ಜೊತೆ ಕಂಪನಿಯ ಕಚೇರಿಗೆ ಹೋಗುತ್ತೇನೆ. ಅವನ ದನಿ ನಿಂತುಹೋದರೆ ಉಳಿದದ್ದನ್ನು ನಾನು ಹೇಳುತ್ತೇನೆ.