ಅತ್ತೆ ಇದ್ದಾರೆ

ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟವಳಲ್ಲ. ಹದಿನೈದು ದಿನ ರಜ ಹಾಕಿದವಳು ಮತ್ತೆ ಹೋಗಲೇ ಇಲ್ಲ, ಅಷ್ಟೆ. ಎಂಟೊಂಬತ್ತು ವರ್ಷ ಕಳೆದ ಮೇಲೆ ಮಗಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ರೆಸ್ಯೂಮೆಯಲ್ಲಿ ಕೆಲಸ ಯಾಕೆ ಬಿಟ್ಟೆ ಅಂತ ಹಾಕಲಿ ಅಂತ ಕೇಳಿದಾಗ, ನಾನೆಲ್ಲಿ ಬಿಟ್ಟೆ ಅಂದೆ.

ನೆಲಮಂಗಲದ ಹತ್ತಿರ ಹೆದ್ದಾರಿ ಪಕ್ಕದ ಒಂದು ಗೋಡೌನಿನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ಯಾವ ಲಾರಿಗೆ ಯಾವ ಮಾಲು, ಬಿಲ್ಲು ಸರಿಯಿದೆಯಾ, ಗೇಟ್‌ಪಾಸ್ ಆಯಿತಾ, ಇದೇ ಕೆಲಸ. ಡ್ರೈವರುಗಳ ಜೊತೆ ಹಿಂದಿ, ತಮಿಳು, ತೆಲುಗು ಮೂರರಲ್ಲೂ ಜಗಳ ಆಡುವಷ್ಟು ಬರುತ್ತಿತ್ತು, ಪ್ರೀತಿಯಿಂದ ಮಾತಾಡುವಷ್ಟು ಒಂದರಲ್ಲೂ ಬರುತ್ತಿರಲಿಲ್ಲ. ಅತ್ತೆಗೆ ಇದು ಸುತರಾಂ ಇಷ್ಟವಿರಲಿಲ್ಲ. ಊರಿಗೆಲ್ಲ ರಾಗಿ ಅಳೆದುಕೊಟ್ಟ ಮನೆ, ಅಂಥ ಮನೆಯ ಸೊಸೆ ಹೋಗಿ ಲಾರಿಯವರ ಹತ್ತಿರ ಕಿರುಚಾಡೋದು ಏನು ಚಂದ ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ನಾನೂ ಸುಮ್ಮನಿರುವ ಜಾಯಮಾನದವಳಲ್ಲ. ಒಬ್ಬರನ್ನೊಬ್ಬರು ಬೈದುಕೊಂಡೇ ನಮ್ಮಿಬ್ಬರ ಸಂಸಾರ ಚೆನ್ನಾಗಿ ನಡೆದಿತ್ತು.

ಒಂದು ಬೆಳಿಗ್ಗೆ ಹಾಲು ಕರೆಯಲು ಕೂತ ಅತ್ತೆ ಹಾಗೇ ಪಕ್ಕಕ್ಕೆ ವಾಲಿದರು. ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತು. ಮಾತು ಒಂದೆರಡು ತಿಂಗಳಲ್ಲಿ ವಾಪಸು ಬಂತು, ಕೈಕಾಲು ಬರಲಿಲ್ಲ. ಗಂಡನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ. ನಾದಿನಿ ಬಂದು ವಾರ ಇದ್ದು, ಅತ್ತು, ಹೋದಳು. ಕೆಲಸ ಬಿಡು ಅಂತ ನನಗೆ ಯಾರೂ ಹೇಳಲಿಲ್ಲ, ಹೇಳುವ ಪ್ರಮೇಯವೇ ಬರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ. ಯಾರಾದರೂ ಬಿಡು ಅಂದಿದ್ದರೆ ಆಗಲ್ಲ ಅಂತಲಾದರೂ ಅನ್ನಬಹುದಿತ್ತು.

ಈಗ ಮಗಳು ಡಿಗ್ರಿಗೆ ಸೇರಿದ್ದಾಳೆ, ಮಧ್ಯಾಹ್ನಕ್ಕೆಲ್ಲ ಮನೆಗೆ ಬರುತ್ತಾಳೆ. ಗಂಡ ತಾವಾಗಿಯೇ, ಸೆಕೆಂಡ್ ಶಿಫ್ಟ್ ಹಾಕಿಸಿಕೊಳ್ತೀನಿ, ಬೆಳಿಗ್ಗೆ ಹೊತ್ತು ಅಮ್ಮನ್ನ ನಾನು ನೋಡ್ಕೋತೀನಿ ಅಂದರು. ಕೇಳಿ ಎಷ್ಟು ಖುಷಿಯಾಯಿತೋ ಅಷ್ಟೇ ಹೊಟ್ಟೆ ಉರಿಯಿತು. ಇಷ್ಟು ಸುಲಭದ ಮಾತು ಇವರಿಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತಾ ಅಂತ. ಆದರೂ ಆಗಲಿ ಅಂದೆ. ನಾನು ಆ ಮನೆಯಿಂದ ದಿನಕ್ಕೆ ಒಂದಿಷ್ಟು ಹೊತ್ತಾದರೂ ಹೊರಗೆ ಹೋಗಲೇಬೇಕಿತ್ತು. ಇಲ್ಲದಿದ್ದರೆ ನನಗೇ ಏನಾದರೂ ಆಗುತ್ತದೆ ಅಂತ ಭಯವಾಗುತ್ತಿತ್ತು.

ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಹಳೆಯ ರೆಸ್ಯೂಮೆ ಸಿಕ್ಕಿತು. ತಂದೆಯ ಹೆಸರು, ಗಂಡನ ಹೆಸರು, ಹವ್ಯಾಸ ಹಾಡು ಕೇಳುವುದು ಅಂತೆಲ್ಲ ಇತ್ತು. ಈಗ ಇದನ್ನೆಲ್ಲ ಯಾರೂ ಹಾಕಲ್ಲಮ್ಮ ಅಂತ ಮಗಳು ಅಪ್ಪ, ಗಂಡ, ಹಾಡು ಮೂರನ್ನೂ ಒಟ್ಟಿಗೇ ತೆಗೆದುಹಾಕಿದಳು. ಮತ್ತೆ ಏನೇನು ಬರುತ್ತೆ ಹೇಳು ಅಂದಳು. ನನಗಿಂತ ಭಾರದವರನ್ನು ಒಬ್ಬಳೇ ಮಗ್ಗುಲು ಬದಲಾಯಿಸೋಕೆ ಬರುತ್ತೆ ಅಂದೆ. ಅದನ್ನು ಅವಳು ಇಂಗ್ಲಿಷಿನಲ್ಲಿ ಏನೋ ದೊಡ್ಡ ಮಾತು ಮಾಡಿದಳು, ಓದಿದರೆ ನಾನೇ ನನಗೆ ಕೆಲಸ ಕೊಡಬೇಕು ಅನ್ನಿಸುವ ಹಾಗಿತ್ತು. ನಾನು ಬಿಟ್ಟ ಮೇಲೆ ಜಿಎಸ್‌ಟಿ ಬಂದಿತ್ತು, ಲಾರಿಯ ಮಾಲಿನ ಜೊತೆ ಹೋಗಬೇಕಾದ ಇ-ವೇ ಬಿಲ್ ಬಂದಿತ್ತು. ಅವನ್ನು ಅತ್ತೆ ನಿದ್ದೆ ಹೋದಾಗ ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಉಳಿದದ್ದು ಮಧ್ಯದ ಆ ವರ್ಷಗಳು. ಅಲ್ಲಿ ಮಗಳು, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಅಂತ ಬರೆದಳು. ಇದ್ದದ್ದೇ ಅದಲ್ಲವಾ.

ರೆಸ್ಯೂಮೆ ಕಳಿಸಿದ ಒಂದು ಕಡೆಯಿಂದ ಫೋನ್ ಬಂತು. ಅತ್ತೆಗೆ ಮುದ್ದೆ ತಿನ್ನಿಸುತ್ತಿದ್ದೆ, ಕೈ ಎಂಜಲಾಗಿತ್ತು, ಸ್ಪೀಕರಿಗೆ ಹಾಕಿ ಮಂಚದ ಮೇಲೇ ಇಟ್ಟೆ. ಆ ಕಡೆಯ ಹುಡುಗಿ ಎಲ್ಲ ಚೆನ್ನಾಗಿಯೇ ಕೇಳಿದಳು. ಕೊನೆಗೆ, ನಿಮ್ಮ ಅತ್ತೆ ಈಗ ಹೇಗಿದ್ದಾರೆ ಅಂದಳು. ಹಾಗೇ ಇದ್ದಾರೆ, ಆದರೆ ನೋಡಿಕೊಳ್ಳೋಕೆ ಅಂತ ನಾನು ಹೇಳುವಷ್ಟರಲ್ಲಿ, ಸರಿ ಮೇಡಂ ತಿಳಿಸ್ತೀವಿ ಅಂತ ಇಟ್ಟುಬಿಟ್ಟಳು. ಅತ್ತೆ ಬಾಯಲ್ಲಿದ್ದ ತುತ್ತು ನುಂಗಿದರು.

ಆ ಭಾನುವಾರ ಮಗಳು ಮತ್ತೆ ರೆಸ್ಯೂಮೆ ತೆಗೆದು, ಆ ಸಾಲನ್ನು ಹೇಗೆ ತಿದ್ದುವುದು ಅಂತ ನನ್ನ ಜೊತೆ ಮಾತಾಡುತ್ತಿದ್ದಳು. ಮಂಚ ಇರುವುದೇ ನಡುಮನೆಯಲ್ಲಿ. ಅತ್ತೆ ಸೂರು ನೋಡಿಕೊಂಡೇ ಮೊಮ್ಮಗಳಿಗೆ ಹೇಳಿದರು.

“ಸತ್ತೋದ್ಲು ಅಂತ ಹಾಕು ಮಗಾ.”

“ಬಿಡ್ತು ಅನ್ನಿ ಅತ್ತೆ,” ಅಂದೆ. ಕೆಟ್ಟ ಮಾತು ಬಾಯಿಗೆ ಬಂದರೆ ಬಿಡ್ತು ಅನ್ನುವುದನ್ನು ಆ ಮನೆಯಲ್ಲಿ ನಮಗೆಲ್ಲ ರೂಢಿ ಮಾಡಿಸಿದವರೇ ಅವರು.

“ಯಾಕನ್ಲಿ? ಹಾಕುದ್ರೆ ನಾನೇನು ಸತ್ತೋಗ್ತೀನಾ? ನಿಂಗೆ ಕೆಲಸ ಸಿಗ್ತದೆ. ಹಾಕ್ಸು.”

ಬಿಡ್ತು ಅನ್ನಲೇ ಇಲ್ಲ. ನಾನು ಸುಮ್ಮಸುಮ್ಮನೆ ಮಗಳಿಗೆ ಬೈದು, ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅತ್ತೆ ಅಂದದ್ದು ನನ್ನ ತಲೆಯೊಳಗಿದ್ದ ಮಾತೇ ಆಗಿತ್ತು. ಇವರು ಹೋಗುವ ಹೊತ್ತಿಗೆ ನನಗೆಷ್ಟು ವಯಸ್ಸಾಗಿರುತ್ತದೆ, ಆಗ ಯಾರು ಕೆಲಸ ಕೊಡುತ್ತಾರೆ ಅಂತ ಅವರ ಬೆನ್ನು ಒರೆಸುತ್ತಲೇ ಎಷ್ಟು ಸಲ ಯೋಚಿಸಿದ್ದೆನೋ. ಒರೆಸುವ ಕೈಯಲ್ಲಿ ಏನಿದೆ ಅಂತ ಒರೆಸಿಸಿಕೊಳ್ಳುವ ಬೆನ್ನಿಗೆ ಗೊತ್ತಾಗದೆ ಇರುತ್ತದಾ. ಆ ಸಾಲು ಇದ್ದ ಹಾಗೇ ಇರಲಿ ಅಂತ ಮಗಳಿಗೆ ಆಮೇಲೆ ಹೇಳಿದೆ.

ಅರಿಶಿನಕುಂಟೆ ಹತ್ತಿರದ ಒಂದು ಗೋಡೌನಿನವರು ಇಂಟರ್‌ವ್ಯೂಗೆ ಕರೆದರು. ಗೇಟಿನೊಳಗೆ ಹೋಗುತ್ತಿದ್ದ ಹಾಗೆ ಯಾರೋ ಲಾರಿ ರಿವರ್ಸ್ ಹಾಕಿಸುತ್ತ, ಬರ್ಲಿ ಬರ್ಲಿ ಅಂತ ಕೂಗುವುದು ಕೇಳಿ ಅಲ್ಲೇ ನಿಂತು ನೋಡಿದೆ. ಅಷ್ಟು ಇಷ್ಟಪಟ್ಟಿದ್ದೆ ಆ ಗಲಾಟೆಯನ್ನು. ಮ್ಯಾನೇಜರಿಗೆ ನನ್ನ ತಮ್ಮನ ವಯಸ್ಸು, ಅಕ್ಕ ಅಂತಲೇ ಕರೆದ. ಇ-ವೇ ಬಿಲ್ ಬಗ್ಗೆ ಕೇಳಿದ, ಹೇಳಿದೆ. ದಾರಿಯಲ್ಲಿ ಲಾರಿ ಕೆಟ್ಟು ಮಾಲು ಬೇರೆ ಗಾಡಿಗೆ ಹಾಕಿದರೆ ಏನು ಮಾಡ್ತೀರಿ ಅಂದ. ಬಿಲ್ಲಿನಲ್ಲಿ ಗಾಡಿ ನಂಬರು ಬದಲಾಯಿಸ್ತೀನಿ, ಅದಕ್ಕೂ ಮುಂಚೆ ಡ್ರೈವರಿಗೆ ನಾಲ್ಕು ಬೈತೀನಿ ಅಂದೆ. ಜೋರಾಗಿ ನಕ್ಕ. ಕೆಲಸ ಆಯಿತು ಅಂತಲೇ ಅಂದುಕೊಂಡೆ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, ಅತ್ತೆಯವರು ಈಗ, ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದ.

ಒಳ್ಳೆಯ ಹುಡುಗ, ಮಾತನ್ನು ಪೂರ್ತಿ ಮಾಡಲು ಅವನಿಗೆ ಸಂಕೋಚ. ಮಿಕ್ಕದ್ದನ್ನು ನಾನೇ ಹೇಳಲಿ ಅಂತ ಬಿಟ್ಟ. ಇಲ್ಲ ಅಂದಿದ್ದರೆ ಸಾಕಿತ್ತು. ಪೂರ್ತಿ ಸುಳ್ಳು ಅಂತಲೂ ಅನ್ನಿಸುತ್ತಿರಲಿಲ್ಲ, ಅವನು ಕೇಳಿದ್ದೇ ಅರ್ಧ ಮಾತು, ಯಾವುದಕ್ಕೆ ಇಲ್ಲ ಅಂದೆನೋ ಯಾರಿಗೆ ಗೊತ್ತು ಅಂತ ಆಮೇಲೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಇಲ್ಲ ಅನ್ನಬೇಕು ಅಂತಲೇ ಬಾಯಿ ತೆರೆದೆ.

“ಇದ್ದಾರೆ,” ಅಂದೆ.

ಗಂಡನ ಶಿಫ್ಟು, ಮಗಳ ಕಾಲೇಜು ಎಲ್ಲ ವಿವರಿಸಿದೆ. ಅವನು ತಲೆಯಾಡಿಸಿದ, ಆದರೆ ಪೆನ್ನು ಆಗಲೇ ಕೆಳಗಿಟ್ಟಿದ್ದ. ಫೋನ್ ಮಾಡ್ತೀವಿ ಅಕ್ಕ ಅಂದ.

ಒಂದು ವಾರ ಕಳೆಯಿತು. ಮನೆಯಲ್ಲಿ ಯಾರ ಫೋನ್ ಬಡಿದುಕೊಂಡರೂ ಅತ್ತೆ ಕತ್ತು ತಿರುಗಿಸುತ್ತಿದ್ದರು. ಕೊನೆಗೆ ಒಂದು ಸಂಜೆ ನಾನು ಅವರ ತಲೆ ಬಾಚುತ್ತಿರುವಾಗ ಕೇಳಿಯೇಬಿಟ್ಟರು.

“ಮುದುಕಿ ಇನ್ನೂ ಅವ್ಳೆ ಅಂದ್ಬಿಟ್ಯಾ?”

ಹೂಂ ಅಂದೆ. ಯಾಕಂದೆ ಅಂದರು.

“ಇದ್ದೀರಲ್ಲ,” ಅಂದೆ.

ಯಾವ ಅರ್ಥದಲ್ಲಿ ಅಂದೆನೋ ನನಗೇ ಗೊತ್ತಿಲ್ಲ. ಸಮಾಧಾನಕ್ಕೆ ಅಂತ ಶುರುವಾದ ಮಾತು, ಬಾಯಿಂದ ಹೊರಬಿದ್ದಾಗ ದೂರಿನ ಹಾಗೆ ಕೇಳಿಸಿತು. ಅವರಿಗೂ ಹಾಗೇ ಕೇಳಿಸಿರಬೇಕು. ಆ ರಾತ್ರಿ ತುತ್ತು ಹಿಡಿದರೆ ಬಾಯಿ ತೆರೆಯಲಿಲ್ಲ, ಹಸಿವಿಲ್ಲ ಅಂದರು. ಮಾರನೆಯ ದಿನವೂ ಹಸಿವಿಲ್ಲ. ಗಂಡ ಗದರಿದರು, ಮಗಳು ಅತ್ತಳು, ಡಾಕ್ಟರನ್ನು ಕರೆಸೋಣ ಅಂತ ಮಾತಾಯಿತು. ಅವರ ಮನಸ್ಸಿನಲ್ಲಿ ಏನಿದೆ ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಅದರ ಮರುದಿನ ಗಂಜಿ ಮಾಡಿಕೊಂಡು ಹೋಗಿ ಮಂಚದ ಪಕ್ಕ ಕೂತೆ. ಫೋನ್ ಬಂದಿತ್ತು ಅತ್ತೆ, ಸೋಮವಾರದಿಂದ ಬರೋಕೆ ಹೇಳಿದ್ರು ಅಂದೆ. ಯಾವ ಫೋನೂ ಬಂದಿರಲಿಲ್ಲ. ಅವರು ನನ್ನ ಮುಖವನ್ನೇ ನೋಡಿದರು.

“ಸತ್ತೋದ್ಲು ಅಂದ್ಯಾ?”

“ಹೂಂ ಅತ್ತೆ, ಅಂದೆ.”

ಬಾಯಿ ತೆರೆದರು. ಗಂಜಿ ಪೂರ್ತಿ ಕುಡಿದರು.

ಸೋಮವಾರ ಸೀರೆ ಉಟ್ಟು, ಡಬ್ಬಿ ಕಟ್ಟಿಕೊಂಡು, ಅತ್ತೆಯನ್ನು ಗಂಡನಿಗೆ ಒಪ್ಪಿಸಿ, ಹೋಗಿ ಬರ್ತೀನಿ ಅತ್ತೆ ಅಂತ ಹೇಳಿ ಹೊರಟೆ. ಹುಷಾರು ಅಂದರು. ರಸ್ತೆಗೆ ಬಂದು ಮೊದಲು ಸಿಕ್ಕ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಎಲ್ಲಿಗೆ ಅಂತ ಹೇಳಬೇಕು. ಕಂಡಕ್ಟರ್ ಎರಡು ಸಲ ಕೇಳಿದ.