ಹದಿನಾಲ್ಕು ಮಣಿಗಳವರೆಗೆ ಉಸಿರಿಲ್ಲ

ಮಾರ್ಚ್ ೧೨, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಊಟ ಮುಗಿಸಿ ಪಡಸಾಲೆಯಲ್ಲಿ ಮಲಗಿದ್ದ ಅಪ್ಪ ನಿದ್ದೆಯಲ್ಲೇ ಕೈ ಬೀಸಿದರು. ಎಬ್ಬಿಸಲು ಬಾಗಿದ್ದ ಅವ್ವನ ಬಾಯಿಗೆ ಮುಷ್ಟಿ ಬಿತ್ತು. ಎರಡು ಹಲ್ಲು ಹೋದವು. ಎಚ್ಚರಾದ ಅಪ್ಪನಿಗೆ ಏನೂ ನೆನಪಿರಲಿಲ್ಲ. "ಯಾರ್ ಹೊಡದ್ರು ನಿನಗ?" ಎಂದು ಅವ್ವನನ್ನೇ ಕೇಳಿದರು.

ನಾನು ಅಣ್ಣಿಗೇರಿ ಹತ್ತಿರದ ಹಳ್ಳಿಯವಳು, ಬಿ.ಎ. ಕೊನೆಯ ವರ್ಷ. ದಿನಚರಿ ಬರೆಯುವ ರೂಢಿ ಇರುವುದರಿಂದ ಲೆಕ್ಕವಿದೆ. ಏಪ್ರಿಲ್ ೨೦ರವರೆಗೆ ಹನ್ನೊಂದು ಹೊಡೆತ, ಮೂರು ಒದೆತ. ಒಂದು ಸಲ ನನ್ನ ಕುತ್ತಿಗೆ ಅವರ ಎರಡೂ ಕೈಗಳಲ್ಲಿತ್ತು. ಎಚ್ಚರವಿದ್ದಾಗ ಎತ್ತಿಗೂ ಬಾರಕೋಲು ಮುಟ್ಟಿಸದ ಮನುಷ್ಯ ಅವರು.

ತಿರ್ಲಾಪುರದಿಂದ ಬಂದ ಸೋದರತ್ತೆ ನೋಡಿ, "ಇಂವ ನನ್ನ ತಮ್ಮ ಅಲ್ಲಬೇ, ದೆವ್ವ. ಕಟ್ಟಿ ಹಾಕ್ರಿ" ಎಂದರು. ಅಪ್ಪ ಅವ್ವನ ಕಡೆ ನೋಡುತ್ತ ತಾವೇ ಕೈ ಚಾಚಿದರು. "ಕಟ್ರಿ. ನಾಳೆ ನಾ ಇಕಿನ್ನ ಕೊಂದ್ರ?"

ಎತ್ತಿನ ಹಗ್ಗದಿಂದ ಅವರನ್ನು ಅಂಗಾತ ಮಂಚಕ್ಕೆ ಬಿಗಿದೆವು. ಗಂಟು ಹಾಕಿದವಳು ನಾನು. ಒದ್ದಾಟ ಇಮ್ಮಡಿಯಾಯಿತು. ಮಣಿಕಟ್ಟಿನ ಚರ್ಮ ಸುಲಿದು ಹಗ್ಗ ರಕ್ತದಲ್ಲಿ ನೆನೆಯಿತು, ಮಂಚದ ಒಂದು ಕಾಲು ಸೀಳಿತು.

ಮನೆದೇವರು ವೀರಭದ್ರನಿಗೆ ಹರಕೆ ಹೊತ್ತೆ: ಇಪ್ಪತ್ತೊಂದು ದಿನ, ಅಪ್ಪ ಮಲಗಿದಾಗ ತಲೆಯ ಹತ್ತಿರ ಕುಳಿತು ನೂರಾ ಎಂಟು ಮಣಿ ಪಂಚಾಕ್ಷರಿ ಜಪ. ಐದನೆಯ ದಿನ, ಇವರನ್ನು ಕರೆದುಕೊಂಡುಬಿಡು ತಂದೆ ಎಂದೂ ಬೇಡಿದೆ. ಅದೂ ದಿನಚರಿಯಲ್ಲಿದೆ.

ಆರನೆಯ ದಿನ ಜಪದ ನಡುವೆ ಗೊರಕೆ ನಿಂತಿತು. ನನ್ನ ಬೆರಳು ನಿಲ್ಲಲಿಲ್ಲ. ಅಪ್ಪನ ಎದೆ ಏರಲು ಹೆಣಗುತ್ತಿತ್ತು, ಮೂಗಿನಲ್ಲಿ ಉಸಿರಿಲ್ಲ. ಅಲ್ಲಿಂದ ಹದಿನಾಲ್ಕನೆಯ ಮಣಿಗೆ ಗಂಟಲು ಹರಿದಂಥ ಸದ್ದು, ಹಿಂದೆಯೇ ಮಂಚ ನೆಗೆಯುವಂಥ ಒದ್ದಾಟ. ಮತ್ತೆ ಗೊರಕೆ. ಮಾಲೆ ಮುಗಿಯುವಷ್ಟರಲ್ಲಿ ನಾಲ್ಕು ಸಲ ಹೀಗಾಯಿತು. ಪ್ರತಿ ಸಲವೂ ಮೊದಲು ಉಸಿರು ನಿಲ್ಲುವುದು, ಆಮೇಲೆ ಒದ್ದಾಟ. ಕುಡಗೋಲು ತಂದು ಹಗ್ಗ ಕೊಯ್ದು ಅಪ್ಪನನ್ನು ಮಗ್ಗುಲಿಗೆ ಹೊರಳಿಸಿದೆ. ಮುಂದಿನ ಮಾಲೆಯಲ್ಲಿ ಉಸಿರು ನಿಂತದ್ದು ಒಂದೇ ಸಲ.

ಮರುದಿನ ಬೆಳಿಗ್ಗೆ ೭-೪೦ರ ಹುಬ್ಬಳ್ಳಿ ಬಸ್ಸು. ಅಪ್ಪ ಕುಳಿತಲ್ಲೇ ಗೊರಕೆ ಹೊಡೆದರು. ಕಂಡಕ್ಟರ್, "ಏನ್ರಿ ಕಾಕಾ, ಎಂಜಿನ್ ನಂದೋ ನಿಮ್ದೋ?" ಎಂದು ಬಸ್ಸನ್ನೆಲ್ಲ ನಗಿಸಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಲ್ಕು ಸೀಟು ಹಿಂದೆ ಕುಳಿತಿದ್ದಳು.

ಡಾಕ್ಟರು ನನ್ನ ದಿನಚರಿಯ ಪುಟಗಳನ್ನು ಎರಡು ಸಲ ಓದಿದರು. ಒಂದು ರಾತ್ರಿ ಮೈಗೆ ತಂತಿ ಅಂಟಿಸಿ ಮಲಗಿಸಿ ನೋಡಿ, ಸ್ಲೀಪ್ ಆಪ್ನಿಯಾ ಎಂದರು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುತ್ತದೆ; ಇವರಿಗೆ ಅಂಗಾತ ಮಲಗಿದರೆ ಇನ್ನೂ ಹೆಚ್ಚು. "ಇವ್ರು ಯಾರ್ನೂ ಹೊಡ್ಯಾಕತ್ತಿಲ್ಲವ್ವಾ. ಉಸಿರಿಗೆ ಬಡದಾಡಾಕತ್ತಾರ."

ಅಲ್ಲೂ ಬಾಗಿಲ ಬಳಿ ದೂರ ಕುಳಿತಿದ್ದ ಅವ್ವ ಎದ್ದು ಬಂದು ಅಪ್ಪನ ಪಕ್ಕ ಕುಳಿತಳು.

ಮೂಗಿಗೆ ಗಾಳಿ ಒತ್ತುವ ಯಂತ್ರ ಬಂದು ಇಂದಿಗೆ ನೂರಾ ನಲವತ್ತೆರಡು ದಿನ. ಹೊಡೆತ ಸೊನ್ನೆ. ಹರಕೆ ಇಲ್ಲದಿದ್ದರೆ ನಾನು ಎಣಿಸುತ್ತಿರಲಿಲ್ಲ. ಎಣಿಸದಿದ್ದರೆ ಇನ್ನೂ ಗಂಟು ಬಿಗಿಯುತ್ತಲೇ ಇರುತ್ತಿದ್ದೆ. ನನ್ನ ಐದನೆಯ ದಿನದ ಮಾತನ್ನು ಕೇಳದೆ, ಆರನೆಯ ದಿನ ಕಣ್ಣು ತೆರೆಸಿದ ವೀರಭದ್ರನಿಗೆ ಶರಣು.

ನಮ್ಮೂರಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಯಂತ್ರ ನಿಲ್ಲುತ್ತದೆ. ಇದಕ್ಕೆ ಯಾವ ಬ್ಯಾಟರಿ ಸರಿ, ಬಳಸಿ ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಅಲ್ಲಿಯವರೆಗೆ ಕರೆಂಟು ಹೋದಾಗಲೆಲ್ಲ ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಜಪಮಾಲೆ ಹಿಡಿದು ಕೂರುತ್ತೇನೆ.